ಹದಿನೆಂಟು ಡಿಗ್ರಿ

ಇಡೀ ಬೈಕುಲ್ಲಾದಲ್ಲಿ ವರ್ಷವಿಡೀ ಹದಿನೆಂಟು ಡಿಗ್ರಿಯಲ್ಲಿ ಬದುಕುವ ಭಾಗ್ಯವಂತರು ಎರಡೇ ಕುಟುಂಬ ಎಂದು ನಮ್ಮವರು ತಮಾಷೆ ಮಾಡುವುದುಂಟು. ಒಂದು, ರಾಣಿಬಾಗಿನ ಪೆಂಗ್ವಿನ್‌ಗಳು. ಇನ್ನೊಂದು, ನಮ್ಮ ಹಾಲಿನ ಮೂಲೆಯ ಗಾಜಿನ ತೊಟ್ಟಿಯಲ್ಲಿರುವ ಒಂದು ಬಿಳಿಯ ಪ್ರಾಣಿ. ನಾವು ಮೂವರು ಮನುಷ್ಯರು ಮಾತ್ರ ಮೇ ತಿಂಗಳ ಸೆಕೆಯಲ್ಲಿ ಫ್ಯಾನಿನ ಕೆಳಗೆ ನೆಲದ ಮೇಲೆ ಮಲಗಿ, ಅದು ತಣ್ಣಗೆ ಕೂತಿರುವುದನ್ನು ನೋಡುತ್ತೇವೆ.

ಪೆಂಗ್ವಿನ್‌ಗಳ ಕತೆ ಊರಿನವರೂ ಪೇಪರಿನಲ್ಲಿ ಓದಿರಬಹುದು. 2016ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳನ್ನು ವಿಮಾನದಲ್ಲಿ ತಂದರು. ಅದೇ ಅಕ್ಟೋಬರಿನಲ್ಲಿ ಒಂದು ಸತ್ತಿತು. ಇಷ್ಟು ಖರ್ಚು ಬೇಕಿತ್ತಾ, ಈ ಸೆಕೆಯ ಊರಿಗೆ ಚಳಿಯ ಹಕ್ಕಿ ಯಾಕೆ ಎಂದು ಆಗ ದೊಡ್ಡ ಗಲಾಟೆಯಾಯಿತು. ತರಕಾರಿ ಅಂಗಡಿಯಲ್ಲಿ ನಿಂತು ನಾನೂ ಜೋರಾಗಿ, "ಪಾಪದ ಪ್ರಾಣಿಗಳು, ಇವರಿಗೆ ಬುದ್ಧಿ ಇಲ್ಲ" ಎಂದು ಹೇಳಿದವಳೇ. ಐದು ವರ್ಷದ ನಂತರ ಅದೇ ತಪ್ಪನ್ನು ನನ್ನ ಮನೆಯಲ್ಲೇ ಮಾಡಿದೆ.

ನಾನು ಬೆಳ್ತಂಗಡಿ ತಾಲೂಕಿನವಳು. ಮದುವೆಯಾಗಿ 1999ರಲ್ಲಿ ಬೈಕುಲ್ಲಾಕ್ಕೆ ಬಂದೆ. ಸ್ಟೇಷನ್ನಿನ ಪೂರ್ವಕ್ಕೆ, ರಾಣಿಬಾಗಿಗೆ ನಡೆದುಹೋಗುವಷ್ಟು ಹತ್ತಿರ, ಮರದ ಮೆಟ್ಟಿಲಿನ ಹಳೆಯ ಕಟ್ಟಡದ ಮೂರನೆಯ ಮಾಳಿಗೆ. ಮನೆಯಲ್ಲಿ ನಮ್ಮದು ತುಳು. ಮಗಳಿಗೆ ತುಳು ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಇಲ್ಲಿ ಎಲ್ಲರ ಮಾತನ್ನೂ ನಾನು ಕನ್ನಡದಲ್ಲೇ ಬರೆಯುತ್ತೇನೆ.

2020ರ ಮೇ ತಿಂಗಳಲ್ಲಿ ಊರಲ್ಲಿ ಅಪ್ಪ ತೀರಿಕೊಂಡರು. ಲಾಕ್‌ಡೌನ್. ಮತ್ಸ್ಯಗಂಧ ರೈಲೂ ಇಲ್ಲ, ಬಸ್ಸೂ ಇಲ್ಲ. ಪಾಸು ಸಿಕ್ಕಿ ಹೋದರೂ ಹದಿನಾಲ್ಕು ದಿನ ಶಾಲೆಯ ಕಟ್ಟಡದಲ್ಲಿ ಕೂರಬೇಕು. ಬೆಂಗಳೂರಿನಲ್ಲಿದ್ದ ಅಣ್ಣ ಹೇಗೋ ಕಾರು ಮಾಡಿಕೊಂಡು ತಲುಪಿದ. ನಾನು ಅಪ್ಪನ ಮುಖವನ್ನು ಫೋನಿನಲ್ಲಿ ನೋಡಿದೆ. ಪಕ್ಕದ ಮನೆಯ ಹುಡುಗ ಹಿಡಿದ ಫೋನು, ಅವನ ಕೈ ಅಲುಗುತ್ತಿತ್ತು. ಇಷ್ಟೇ ನನ್ನ ಪಾಲಿಗೆ ಬಂದದ್ದು. ಆಮೇಲೆ ಅಮ್ಮ ತೋಟದ ಮನೆಯಲ್ಲಿ ಒಬ್ಬರೇ ಆದರು. 2021ರ ಜನವರಿಯಲ್ಲಿ ನಾನೇ ಹೋಗಿ, ಹಟ ಹಿಡಿದು ಅವರನ್ನು ಕರೆದುಕೊಂಡು ಬಂದೆ. ತೋಟವನ್ನು ಪಕ್ಕದವರಿಗೆ ನೋಡಿಕೊಳ್ಳಲು ಬಿಟ್ಟೆವು.

ತೋಟದ ಹೆಂಗಸಿಗೆ ಬೈಕುಲ್ಲಾದಲ್ಲಿ ಏನು ಕೆಲಸ? ಬೆಳಿಗ್ಗೆ ಐದಕ್ಕೆ ಏಳುವುದು, ಗ್ಯಾಲರಿಯಲ್ಲಿ ನಿಲ್ಲುವುದು, ಲೋಕಲ್ ರೈಲಿನ ಸದ್ದು ಕೇಳುವುದು. "ಇವು ಮಲಗುವುದು ಯಾವಾಗ?" ಎಂದು ಒಮ್ಮೆ ರೈಲಿನ ಬಗ್ಗೆ ಕೇಳಿದರು. ಅಡುಗೆ ನಾನು ಮಾಡುತ್ತೇನೆ, ಪಾತ್ರೆಗೆ ಬಾಯಿ ಬರುತ್ತಾಳೆ. ಅಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮನೆಗೆ ಬೇಕಾದುದಕ್ಕಿಂತ ಹೆಚ್ಚು ಸುಲಿಯುತ್ತಿದ್ದರು. ಮಾತು ದಿನದಿಂದ ದಿನಕ್ಕೆ ಕಡಿಮೆಯಾಯಿತು. ನಾನು ಅದನ್ನು ಅಪ್ಪ ಹೋದ ದುಃಖ ಎಂದುಕೊಂಡೆ.

ಆ ವರ್ಷ ನನ್ನ ಮಗಳಿಗೆ ಹನ್ನೆರಡು. ಶಾಲೆ ಫೋನಿನಲ್ಲಿ, ಆಟವೂ ಫೋನಿನಲ್ಲಿ. ಅವಳಾಡುವ ಮೈನ್‌ಕ್ರಾಫ್ಟ್ ಎಂಬ ಆಟದಲ್ಲಿ 2021ರ ಜೂನಿನಲ್ಲಿ ಒಂದು ಹೊಸ ಪ್ರಾಣಿ ಬಂತು, ಆಕ್ಸೊಲಾಟಲ್. ಗುಂಡು ಮುಖ, ನಗುವ ಬಾಯಿ, ತಲೆಯ ಎರಡೂ ಬದಿಗೆ ಗರಿಯಂತೆ ಹರಡಿದ ಕಿವಿರು. ಇದು ಆಟದವರು ಕಟ್ಟಿದ ಪ್ರಾಣಿ ಎಂದು ನಾನು ಭಾವಿಸಿದ್ದೆ. ಆದರೆ ನಮ್ಮ ಮೇಲಿನ ಮಾಳಿಗೆಯ ಹುಡುಗನ ಎಸಿ ಕೋಣೆಯಲ್ಲಿ ನಿಜವಾದ ಎರಡು ಇದ್ದವು! ಅವನು ಹೆಚ್ಚಿನ ಓದಿಗೆ ವಿದೇಶಕ್ಕೆ ಹೊರಟಿದ್ದ. "ಆಂಟಿ, ನಿಮ್ಮ ಮಗಳಿಗೆ ಇಷ್ಟ ಅಲ್ವಾ, ಇಟ್ಟುಕೊಳ್ಳಿ" ಅಂದ. ಎಲ್ಲಿಂದ ತಂದೆ, ಯಾರಿಂದ ತಂದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಮಗಳು ಒಂದೂವರೆ ವರ್ಷದಿಂದ ಮನೆಯೊಳಗೇ ಇದ್ದಾಳೆ, ಏನಾದರೂ ಸಂತೋಷ ಸಿಗಲಿ ಎಂಬುದಷ್ಟೇ ತಲೆಯಲ್ಲಿತ್ತು.

ತೊಟ್ಟಿ ಇಡುವುದೇ ಒಂದು ದೊಡ್ಡ ಕಾರ್ಯಕ್ರಮವಾಯಿತು. ಕ್ರಾಫರ್ಡ್ ಮಾರ್ಕೆಟ್ಟಿನ ಸಾಕುಪ್ರಾಣಿಗಳ ಸಾಲಿಗೆ ಹೋಗಿ ಮೂರಡಿ ಉದ್ದದ ತೊಟ್ಟಿ ತಂದೆವು. ಅದಕ್ಕೆ ಸುಮಾರು 120 ಲೀಟರ್ ನೀರು ಹಿಡಿಯುತ್ತದೆ. ಅಂದರೆ ನೀರೇ 120 ಕಿಲೋ, ಗಾಜು, ಮರಳು ಬೇರೆ. ನಮ್ಮದು ಮರದ ತೊಲೆಯ ಹಳೆಯ ನೆಲ. ನಮ್ಮವರು ಟೇಪು ಹಿಡಿದು, ತೊಲೆ ಗೋಡೆಗೆ ಸೇರುವ ಜಾಗ ಹುಡುಕಿ, ಅಲ್ಲೇ ಸ್ಟ್ಯಾಂಡ್ ಇಟ್ಟರು. ಆದರೂ ಮೊದಲ ವಾರ ರಾತ್ರಿ ಎದ್ದು ಎದ್ದು ನೆಲಕ್ಕೆ ಕಿವಿಯಿಟ್ಟು ನೋಡುತ್ತಿದ್ದರು. ಕೆಳಗಿನ ಮನೆಯವರಿಗೆ ನಾವು ಹೇಳಿರಲಿಲ್ಲ.

ತಳಕ್ಕೆ ಅಂಗಡಿಯವ ಕೊಡುವ ಬಣ್ಣದ ಕಲ್ಲುಗಳನ್ನು ಹಾಕಬಾರದು ಎಂದು ಹುಡುಗ ಮೊದಲೇ ಹೇಳಿದ್ದ. ಈ ಪ್ರಾಣಿ ಆಹಾರವನ್ನು ಬಾಯಿ ತೆರೆದು ಸುರ್ರೆಂದು ಎಳೆದುಕೊಳ್ಳುತ್ತದೆ, ಜೊತೆಗೆ ಕಲ್ಲೂ ಹೋದರೆ ಹೊಟ್ಟೆಯಲ್ಲಿ ಸಿಕ್ಕಿ ಸಾಯುತ್ತದೆ. ಹಾಗಾಗಿ ಸಣ್ಣ ಮರಳು, ಅದನ್ನು ಏಳೆಂಟು ಸಲ ತೊಳೆದದ್ದು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದನ್ನು ತೆಗೆಯಲು ಹೈಪೋ ಹರಳು ಹಾಕಬೇಕು. ಮುಂಬೈಗೆ ಬರುವುದು ತಾನ್ಸಾ, ಭಾತ್ಸಾ ಕಡೆಯ ಕೆರೆಗಳ ಮಳೆನೀರು, ಮೆದು ನೀರು. ಮೆಕ್ಸಿಕೋದ ಪ್ರಾಣಿಗೆ ಲವಣ ಇರುವ ಗಡಸು ನೀರು ಬೇಕು. ನಮ್ಮ ಕೂದಲಿಗೂ ಬೇಳೆಗೂ ಒಳ್ಳೆಯದಾದ ನೀರನ್ನು ಲವಣ ಬೆರೆಸಿ ಕೆಡಿಸಿದ ಹಾಗೆ ನನಗೆ ಅನಿಸಿತು.

ನೀರು ತುಂಬಿಸಿದ ದಿನವೇ ಪ್ರಾಣಿ ಬಿಡುವ ಹಾಗಿಲ್ಲ. ಅದರ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷ. ಇನ್ನೊಂದು ಜಾತಿಯವು ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಕಡಿಮೆ. ಈ ಜೀವಿಗಳು ಫಿಲ್ಟರಿನಲ್ಲಿ ಮನೆ ಮಾಡಿಕೊಳ್ಳಲು ತಿಂಗಳು, ಒಂದೂವರೆ ತಿಂಗಳು ಬೇಕು. ಹುಡುಗ ತನ್ನ ಹಳೆಯ ಫಿಲ್ಟರಿನ ಕೊಳಕು ಸ್ಪಂಜನ್ನು ಕೊಟ್ಟು, ಇದನ್ನು ಹಾಕಿದರೆ ಬೇಗ ಆಗುತ್ತದೆ ಅಂದ. ಬೆಳ್ಳುಳ್ಳಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಿ, "ಹೆಪ್ಪು ಹಾಕಿದ ಹಾಗೆ" ಅಂದರು. ಆ ವಾರದಲ್ಲಿ ಅವರು ತಾವಾಗಿ ಆಡಿದ ಮೊದಲ ಮಾತು ಅದು.

ಸೆಪ್ಟೆಂಬರಿನಲ್ಲಿ ಎರಡೂ ಬಂದವು. ಒಂದು ಬಿಳಿ, ಗುಲಾಬಿ ಕಿವಿರಿನದು. ಇನ್ನೊಂದು ಕಪ್ಪು ಹಸಿರು ಮೈಯದು. ಎರಡೂ ಗೇಣುದ್ದ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಎಂತ ಮಾರಾಯ್ತಿ ಇದು? ಮೀನಿಗೆ ಕೈಕಾಲು ಉಂಟಲ್ಲ!"

"ಮೀನಲ್ಲ ಅಮ್ಮ. ಕಪ್ಪೆಯ ಸಂಬಂಧಿ."

"ತಿನ್ನಲಿಕ್ಕೆ ಆಗ್ತದಾ?"

ಮಗಳು ಕಿರುಚಿದಳು. ಮೆಕ್ಸಿಕೋದಲ್ಲಿ ಹಿಂದೆ ತಿನ್ನುತ್ತಿದ್ದರಂತೆ ಎಂದು ನಮ್ಮವರು ಹೇಳಿದರು. "ಹಾಗಾದರೆ ಪುಳಿಮುಂಚಿ ಮಾಡಬಹುದು" ಎಂದು ಅಮ್ಮ ಮೊಮ್ಮಗಳ ಮುಖ ನೋಡಿ ನಕ್ಕರು.

ಆಮೇಲೆ ಆಹಾರದ ಪ್ರಶ್ನೆ. ಇವುಗಳಿಗೆ ಒಳ್ಳೆಯ ಊಟ ಎರೆಹುಳು. ಊರಿನ ಓದುಗರಿಗೆ ನಗು ಬರಬಹುದು. ನಿಮ್ಮ ಅಂಗಳದಲ್ಲಿ ಒಂದು ಕಲ್ಲು ಮಗುಚಿದರೆ ಹತ್ತು ಸಿಗುತ್ತವೆ. ಬೈಕುಲ್ಲಾದಲ್ಲಿ ಮಣ್ಣು ಎಲ್ಲಿದೆ? ಕ್ರಾಫರ್ಡ್ ಮಾರ್ಕೆಟ್ಟಿನಿಂದ ಡಬ್ಬಿಯಲ್ಲಿ ತಂದ ಹುಳುಗಳು ಎರಡು ದಿನದಲ್ಲಿ ಸತ್ತು ನಾರಿದವು. ಅಮ್ಮ ಆ ಡಬ್ಬಿಯನ್ನು ಮೂಗಿಗೆ ಹಿಡಿದು, "ಇದಕ್ಕೆ ಉಸಿರಿಲ್ಲ, ಊಟ ಇಲ್ಲ, ಮತ್ತೆ ಬದುಕುವುದು ಹೇಗೆ?" ಅಂದರು.

ಮರುದಿನ ಖಾಲಿ ಬಣ್ಣದ ಬಕೆಟ್ ಒಂದಕ್ಕೆ ಮೊಳೆಯಿಂದ ತೂತು ಮಾಡಿಸಿದರು. ರಾಣಿಬಾಗಿನ ದಾರಿಯಲ್ಲಿ ಕಸ ಗುಡಿಸುವ ಹೆಂಗಸನ್ನು ಪರಿಚಯ ಮಾಡಿಕೊಂಡು ಒಂದು ಚೀಲ ಒಣಗಿದೆಲೆ ತಂದರು. ಅಮ್ಮನಿಗೆ ಮರಾಠಿ ಬರುವುದಿಲ್ಲ, ಆಕೆಗೆ ತುಳು ಬರುವುದಿಲ್ಲ. ಎಲೆ ಹೇಗೆ ಕೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ. ತಬೇಲೆಯ ಸಗಣಿ, ತರಕಾರಿ ಸಿಪ್ಪೆ, ಒದ್ದೆ ಪೇಪರು, ಮೇಲೊಂದು ಗೋಣಿ. ಉಳಿದಿದ್ದ ಇಪ್ಪತ್ತು ಮೂವತ್ತು ಹುಳುಗಳನ್ನು ಅದರಲ್ಲಿ ಬಿಟ್ಟರು. ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ ಬಕೆಟ್ಟಿನಲ್ಲಿ ದಾರದ ಹಾಗಿನ ಮರಿಗಳು ಓಡಾಡತೊಡಗಿದವು. ಈರುಳ್ಳಿ, ಲಿಂಬೆ ಸಿಪ್ಪೆ ಹಾಕಬೇಡಿ ಎಂದು ಬಾಯಿಗೆ ಕಟ್ಟುನಿಟ್ಟಿನ ಅಪ್ಪಣೆಯಾಯಿತು. ಅಮ್ಮ ಬೆಳಿಗ್ಗೆ ಎದ್ದವರೇ ಗೋಣಿ ಎತ್ತಿ ನೋಡುತ್ತಿದ್ದರು. ಫೋನಿನಲ್ಲಿ ಅಣ್ಣನಿಗೆ, "ನನಗೆ ಪುರುಸೊತ್ತಿಲ್ಲ, ಸಾಯಂಕಾಲ ಮಾಡು" ಎಂದು ಹೇಳುವುದನ್ನು ಕೇಳಿ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ.

ನವೆಂಬರಿನಲ್ಲಿ ಬಿಳಿಯದು ಕಪ್ಪಿನ ಮುಂಗಾಲನ್ನು ಹುಳುವೆಂದು ತಿಳಿದು ಕಚ್ಚಿ ತುಂಡು ಮಾಡಿತು. ಮಗಳು ಅತ್ತಳು. ಆದರೆ ಈ ಪ್ರಾಣಿಯ ಹೆಸರುವಾಸಿ ಗುಣವೇ ಅದು. ಹೋದ ಕಾಲು ಮತ್ತೆ ಬರುತ್ತದೆ. ಬಾಲ, ಬೆನ್ನುಹುರಿ, ಹೃದಯದ ಚೂರು ಕೂಡ. ಹೇಗೆ ಎಂದು ತಿಳಿಯಲು ವಿಜ್ಞಾನಿಗಳು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇವನ್ನು ಸಾಕುತ್ತಿದ್ದಾರೆ. ಮೊದಲು ಒಂದು ಮೊಗ್ಗು, ಆಮೇಲೆ ಚಮಚದ ತುದಿಯಂತೆ ಚಪ್ಪಟೆ, ಆಮೇಲೆ ಬೆರಳಿನ ಗುರುತು. ಅಮ್ಮ ದಿನಾ ನೋಡಿ ವರದಿ ಕೊಡುತ್ತಿದ್ದರು. ಜನವರಿಯ ಹೊತ್ತಿಗೆ ನಾಲ್ಕೂ ಬೆರಳು ಬಂದವು. "ಬಂತು ನೋಡು" ಎಂದು ಹೇಳಿ, ತಮ್ಮ ನೋಯುವ ಮಂಡಿಯನ್ನು ಒತ್ತಿಕೊಳ್ಳುತ್ತಾ ಸುಮಾರು ಹೊತ್ತು ತೊಟ್ಟಿಯ ಮುಂದೆಯೇ ಕೂತಿದ್ದರು.

ಈ ಪ್ರಾಣಿಯ ಊರು ಮೆಕ್ಸಿಕೋ ನಗರದ ಅಂಚಿನ ಸೊಚಿಮಿಲ್ಕೊ. ಅಲ್ಲಿನ ಹಳೆಯ ಆಜ್ಟೆಕ್ ಕತೆಯಲ್ಲಿ ಶೊಲೋಟ್ಲ್ ಎಂಬ ದೇವರು ಬಲಿಯಾಗುವುದನ್ನು ತಪ್ಪಿಸಿಕೊಳ್ಳಲು ರೂಪ ಬದಲಿಸುತ್ತಾ ಓಡಿ, ಕೊನೆಗೆ ನೀರಿಗಿಳಿದು ಇದಾದನಂತೆ. 1864ರಲ್ಲಿ ಫ್ರೆಂಚರು 34 ಪ್ರಾಣಿಗಳನ್ನು ಪ್ಯಾರಿಸ್ಸಿಗೆ ತಂದರು. ಈಗ ಜಗತ್ತಿನ ತೊಟ್ಟಿಗಳಲ್ಲಿರುವ ಬಹುಪಾಲು ಆ ಸಂಸಾರದ್ದೇ. ನಮ್ಮ ಬಿಳಿಯದರ ಬಣ್ಣವೂ ಅದರಲ್ಲಿದ್ದ ಒಂದು ಬಿಳಿ ಗಂಡಿನಿಂದ ಬಂದದ್ದು ಎನ್ನುತ್ತಾರೆ. ಅಂದರೆ ನಮ್ಮ ಮನೆಗೆ ಬಂದವರು ತಲೆತಲಾಂತರದಿಂದ ಊರೇ ಕಾಣದ ವಲಸೆಗಾರರು. ಊರಲ್ಲಿ ಉಳಿದವರ ಪಾಡೂ ಅಷ್ಟೇ. 1998ರಲ್ಲಿ ಎಣಿಸಿದಾಗ ಅಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಇದ್ದವು, 2014ರಲ್ಲಿ 36. ಕಾಲುವೆಯ ನೀರು ಕೆಟ್ಟಿದೆ, ಹೊರಗಿನಿಂದ ತಂದುಬಿಟ್ಟ ಮೀನುಗಳು ಮೊಟ್ಟೆ ತಿನ್ನುತ್ತವೆ. 2021ರಲ್ಲಿ ಬಂದ ಅಲ್ಲಿನ 50 ಪೆಸೊ ನೋಟಿನ ಮೇಲೆ ಇದರ ಚಿತ್ರವಿದೆ. ಕಾಲುವೆಯಲ್ಲಿ ಮಾತ್ರ ಹುಡುಕಬೇಕು.

ಇನ್ನೊಂದು ಗುಣ ನನ್ನನ್ನು ಬಹಳ ಕಾಡಿತು. ಕಪ್ಪೆಯ ಮರಿ ಬಾಲ ಬಿಟ್ಟು ದಡಕ್ಕೆ ಬರುತ್ತದಲ್ಲ, ಇದು ಹಾಗೆ ಬರುವುದಿಲ್ಲ. ಮರಿಯಾಗಿರುವಾಗಿನ ಕಿವಿರು, ಬಾಲ ಇಟ್ಟುಕೊಂಡೇ ದೊಡ್ಡದಾಗಿ, ಮೊಟ್ಟೆಯಿಟ್ಟು, ಮುದಿಯಾಗುತ್ತದೆ. ಊರು ಬಿಟ್ಟ ನಮ್ಮಂಥವರೂ ಸ್ವಲ್ಪ ಹೀಗೆಯೇ. ನನ್ನ ಲೆಕ್ಕದಲ್ಲಿ ಊರು ಇನ್ನೂ 1999ರಲ್ಲೇ ಇದೆ. ಅಲ್ಲಿ ಅಪ್ಪ ಅಡಿಕೆ ಸುಲಿಯುತ್ತಿದ್ದಾರೆ, ಅಮ್ಮನಿಗೆ ಮಂಡಿ ನೋವಿಲ್ಲ.

ಫೆಬ್ರವರಿಯವರೆಗೆ ಎಲ್ಲ ಚೆನ್ನಾಗಿತ್ತು. ಮುಂಬೈಯ ಚಳಿಯ ಎರಡು ತಿಂಗಳು ತೊಟ್ಟಿಯ ನೀರು ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಇವುಗಳಿಗೆ ಹದಿನಾರರಿಂದ ಹದಿನೆಂಟು ಡಿಗ್ರಿ ಹಿತ, ಇಪ್ಪತ್ನಾಲ್ಕು ದಾಟಿದರೆ ಅಪಾಯ. ಮಾರ್ಚಿನಲ್ಲಿ ಥರ್ಮಾಮೀಟರ್ ಇಪ್ಪತ್ತೇಳು ತೋರಿಸಿತು. ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಸಿಗುತ್ತದೆ. ಬೆಲೆ ಕೇಳಿ ನಾನು, "ಮುಂದಿನ ವರ್ಷ ನೋಡುವ" ಅಂದೆ. ಮೇಲಿನ ಹುಡುಗ ಹಗಲು ರಾತ್ರಿ ಎಸಿ ಹಾಕಿಡುತ್ತಿದ್ದ. ನಮ್ಮಲ್ಲಿರುವುದು ಮಲಗುವ ಕೋಣೆಯ ಒಂದೇ ಎಸಿ, ಅದೂ ರಾತ್ರಿ ಎರಡು ಗಂಟೆ. ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ಕಟ್ಟಿದೆವು. ನೀರು ಆರುವಾಗ ತಂಪಾಗಬೇಕು, ಆದರೆ ಸಮುದ್ರದ ಗಾಳಿಯ ಈ ಊರಲ್ಲಿ ನಮ್ಮ ಬೆವರೇ ಆರುವುದಿಲ್ಲ.

ಕೊನೆಗೆ ದಾರಿ ಕಂಡದ್ದು ಅಮ್ಮನಿಗೆ. ಫ್ರಿಜ್ಜಿನಲ್ಲಿ ಆರು ನೀರಿನ ಬಾಟ್ಲಿ ಮಂಜುಗಟ್ಟಿಸಿ, ಎರಡು ತೊಟ್ಟಿಯಲ್ಲಿ, ನಾಲ್ಕು ಫ್ರಿಜ್ಜಿನಲ್ಲಿ. ಮೂರು ಗಂಟೆಗೊಮ್ಮೆ ಬದಲು, ರಾತ್ರಿ ಹನ್ನೆರಡಕ್ಕೂ ಮೂರಕ್ಕೂ ಕೂಡ. "ನನಗೆ ಹೇಗೂ ನಿದ್ದೆ ಇಲ್ಲ" ಅನ್ನುತ್ತಿದ್ದರು. ನೀರು ಇಪ್ಪತ್ತೆರಡು, ಇಪ್ಪತ್ಮೂರರಲ್ಲಿ ನಿಂತಿತು. ಒಂದು ರಾತ್ರಿ ಬಾಟ್ಲಿ ಬದಲಿಸುತ್ತಾ ಅಮ್ಮ ಕೇಳಿದರು.

"ಇದನ್ನು ಇದರ ಊರಿಗೆ ಬಿಟ್ಟು ಬರಲಿಕ್ಕೆ ಆಗುವುದಿಲ್ಲವಾ?"

"ಇಲ್ಲ ಅಮ್ಮ. ಅದು ತುಂಬಾ ದೂರ. ತೊಟ್ಟಿಯಲ್ಲಿ ಹುಟ್ಟಿದ್ದನ್ನು ಬಿಟ್ಟರೆ ರೋಗ ಹಬ್ಬುತ್ತದಂತೆ."

"ಶಿಶಿಲದ ಮೀನನ್ನು ಯಾರಾದರೂ ಮನೆಗೆ ತರ್ತಾರಾ?" ಅಂದರು.

ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನುಗಳು ಶಿಶಿಲೇಶ್ವರನ ಮೀನುಗಳು. ಅವನ್ನು ಯಾರೂ ಹಿಡಿಯುವುದಿಲ್ಲ, ಮೆಟ್ಟಿಲಲ್ಲಿ ನಿಂತು ಅಕ್ಕಿ, ಹೊದಳು ಹಾಕಿ ಬರುತ್ತೇವೆ ಅಷ್ಟೆ. ನಾನು ಉಜಿರೆಯಲ್ಲಿ ಓದುತ್ತಿದ್ದಾಗ, 1996ರಲ್ಲಿ, ಯಾರೋ ಆ ನೀರಿಗೆ ವಿಷ ಹಾಕಿ ಮೀನುಗಳು ರಾಶಿ ರಾಶಿ ಸತ್ತವು. ಊರಿಗೆ ಊರೇ ಸೂತಕದಲ್ಲಿದ್ದ ಹಾಗಿತ್ತು. ಅಮ್ಮನ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಅವರು ಮೀನಿನ ಬಗ್ಗೆ ಮಾತ್ರ ಕೇಳುತ್ತಿದ್ದಾರೆ ಎಂದುಕೊಂಡು ಮಲಗಿದೆ.

2022ರ ಮೇಯಲ್ಲಿ ಅಪ್ಪನ ಎರಡನೆಯ ವರ್ಷದ ತಿಥಿಗೆ ನಾನು, ಅಮ್ಮ, ಮಗಳು ಮತ್ಸ್ಯಗಂಧದಲ್ಲಿ ಊರಿಗೆ ಹೊರಟೆವು. ನಮ್ಮವರಿಗೆ ರಜೆ ಇರಲಿಲ್ಲ. ಬಾಟ್ಲಿ ಬದಲಿಸುವ ಕ್ರಮವನ್ನು ಅಮ್ಮ ಮೂರು ಸಲ ಹೇಳಿಕೊಟ್ಟರು. ತಿಥಿಯ ಮರುದಿನ ಬೆಳಿಗ್ಗೆ, ಅವರು ಆಫೀಸಿಗೆ ಹೋದ ಮೇಲೆ, ನಮ್ಮ ಕಟ್ಟಡದ ಮೀಟರ್ ಕೋಣೆಯಲ್ಲಿ ಫ್ಯೂಸ್ ಸುಟ್ಟಿತು. ಫ್ಯಾನಿಲ್ಲ, ಫಿಲ್ಟರಿಲ್ಲ, ಫ್ರಿಜ್ಜಿಲ್ಲ. ರಾತ್ರಿ ಎಂಟಕ್ಕೆ ಅವರು ಬಂದಾಗ ನೀರು ಮೂವತ್ತೊಂದು. ಕಪ್ಪಿನದು ಅಂಗಾತ ಬಿದ್ದಿತ್ತು. ಬಿಳಿಯದು ಮೇಲೆ ಬಂದು ಗಾಳಿ ಗುಟುಕರಿಸುತ್ತಿತ್ತು. ಕೆಳಗಿನ ಮನೆಯವರೇ ಓಡಿಹೋಗಿ ಐಸ್ ತಂದುಕೊಟ್ಟರಂತೆ. ನಾವು ತೊಟ್ಟಿಯ ವಿಷಯ ಮುಚ್ಚಿಟ್ಟಿದ್ದ ಅದೇ ಮನೆಯವರು.

ಫೋನು ಬಂದಾಗ ನಾನು ಅಂಗಳದಲ್ಲಿದ್ದೆ. ನನ್ನ ಮುಖ ನೋಡಿಯೇ ಅಮ್ಮ, "ಹೋಯಿತಾ?" ಅಂದರು. ಹೂಂ ಅಂದೆ.

"ಆಗ ಹತ್ತಿರ ಯಾರೂ ಇರಲಿಲ್ಲವಾ?"

"ಇಲ್ಲ."

ಅಮ್ಮ ಸುಮ್ಮನಾದರು. ನನಗೆ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಎರಡು ವರ್ಷದಿಂದ ಅಳದೆ ಉಳಿದದ್ದು ಆ ಸಂಜೆ ಬಚ್ಚಲುಕೋಣೆಯಲ್ಲಿ ಹೊರಗೆ ಬಂತು. ಒಂದು ಗೇಣುದ್ದದ ಪ್ರಾಣಿಗೆ ಇಷ್ಟು ಅಳುವುದಾ ಎಂದು ಮಗಳು ಹೆದರಿ ಬಾಗಿಲು ಬಡಿದಳು. ಅಮ್ಮ ಅವಳನ್ನು ಕರೆದುಕೊಂಡು ಹೋದರು. ರಾತ್ರಿ ನನ್ನ ತಟ್ಟೆಗೆ ಗಂಜಿ ಬಡಿಸುತ್ತಾ ಹೇಳಿದರು, "ನೀನು ಬರಲಿಕ್ಕೆ ಆಗದ್ದು ಅಪ್ಪನಿಗೆ ಗೊತ್ತಿತ್ತು. ರೈಲು ಇಲ್ಲ ಅಂತ ನಾನೇ ಹೇಳಿದ್ದೆ." ಈ ಮಾತನ್ನು ಅವರು ಅಷ್ಟು ದಿನ ಯಾಕೆ ಹೇಳಿರಲಿಲ್ಲ ಎಂದು ನಾನು ಕೇಳಲಿಲ್ಲ. ಬೈಕುಲ್ಲಾದಲ್ಲಿ ನಾವಿಬ್ಬರೂ ಅಪ್ಪನ ಮಾತೆತ್ತಿದ್ದೇ ಇಲ್ಲ.

ಹೊರಡುವ ಹಿಂದಿನ ದಿನ ಅಮ್ಮ, "ನಾನು ಇಲ್ಲೇ ಇರ್ತೇನೆ" ಅಂದರು. ಹಟ ಮಾಡಲು ಈ ಸಲ ನನ್ನ ಬಾಯಿ ಬರಲಿಲ್ಲ. "ಒಬ್ಬರೇ ಹೇಗೆ?" ಎಂದಷ್ಟೇ ಕೇಳಿದೆ. "ಅಲ್ಲಿ ನಾನು ಒಬ್ಬಳೇ ಇದ್ದದ್ದಲ್ಲವಾ, ನೀವು ಕೆಲಸಕ್ಕೆ ಹೋದ ಮೇಲೆ" ಅಂದರು. ಬೇಸರದಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ್ದು.

ಬೆಳಿಗ್ಗೆ ಹಾರ್ಲಿಕ್ಸ್ ಬಾಟ್ಲಿ ತುಂಬ ಎರೆಹುಳು ಕೊಟ್ಟರು. ನಾನು ಅಡಿಕೆ ಮರದ ಬುಡ ಕೆದಕಲು ಹೋದರೆ ತಡೆದರು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಹೊಡೆದ ಜಾಗ, ಮೈಲುತುತ್ತು ಮಣ್ಣಿಗೆ ಇಳಿದಿರುತ್ತದೆ, ಆ ಹುಳು ತಿಂದರೆ ಉಳಿದದ್ದೂ ಸಾಯುತ್ತದೆ. ಹಟ್ಟಿಯ ಹಿಂದಿನ ಗೊಬ್ಬರದ ಗುಂಡಿಯಿಂದ ಆರಿಸಿ ಕೊಟ್ಟರು. ತಾಮ್ರ ಇವುಗಳಿಗೆ ವಿಷ ಎಂದು ನಾನು ಆಮೇಲೆ ಓದಿ ತಿಳಿದೆ.

ಮುಂಬೈಗೆ ಬಂದ ವಾರವೇ ಸೆಕೆಂಡ್ ಹ್ಯಾಂಡ್ ಚಿಲ್ಲರ್ ಕೊಂಡೆವು. ಮಾರ್ಚಿನಲ್ಲಿ ದುಬಾರಿ ಎಂದಿದ್ದೆ, ಮೇಯಲ್ಲಿ ಬೆಲೆ ಕೇಳಲೇ ಇಲ್ಲ. ಮುಂದೆ ಕಾನೂನೂ ಬಂತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು ಸಾಕುವವರು ಸರಕಾರಕ್ಕೆ ತಿಳಿಸಿ ನೋಂದಾಯಿಸಬೇಕು. 2024ರಲ್ಲಿ ನಿಯಮಗಳು ಬಂದಾಗ ನಮ್ಮವರು ಕೂತು ಅರ್ಜಿ ತುಂಬಿಸಿದರು. ನಮ್ಮ ಹಾಗೆ ಯಾರೋ ಕೊಟ್ಟರು ಎಂದು ಕೇಳದೆ ತರುವುದು ಈಗ ನಡೆಯುವುದಿಲ್ಲ, ನಡೆಯಲೂ ಬಾರದು. ಪರಿಚಯದವರು ಯಾರಾದರೂ ಮಕ್ಕಳ ಆಸೆ ಹೇಳಿಕೊಂಡು ಸಲಹೆ ಕೇಳಿದರೆ, ನಮ್ಮ ಸೆಕೆಯ ನೀರಲ್ಲಿ ಬದುಕುವ ಮೀನು ಸಾಕಿ ಎನ್ನುತ್ತೇನೆ. ನಮ್ಮದು ಇರುವಷ್ಟು ದಿನ ಇರಲಿ. ಹತ್ತು ಹದಿನೈದು ವರ್ಷ ಬದುಕುತ್ತದಂತೆ. ಮಗಳು ಕಾಲೇಜಿಗೆ ಬೇರೆ ಊರಿಗೆ ಹೋದರೂ ಅದು ಇಲ್ಲೇ ಇರುತ್ತದೆ.

ಅಮ್ಮ ಈಗ ವರ್ಷಕ್ಕೆ ಎರಡು ತಿಂಗಳು ಬರುತ್ತಾರೆ, ಡಿಸೆಂಬರ್, ಜನವರಿ. ಅವರಿಗೂ ತೊಟ್ಟಿಯವನಿಗೂ ಮುಂಬೈ ಸಹಿಸಲಾಗುವುದು ಅಷ್ಟೇ ದಿನ. ಉಳಿದ ಹತ್ತು ತಿಂಗಳು ಫೋನು. ಮೊದಲೆಲ್ಲ, "ಊಟ ಆಯ್ತಾ?" ಎಂದು ಶುರು ಮಾಡುತ್ತಿದ್ದರು.

"ಹುಳುವಿಗೆ ನೀರು ಚಿಮುಕಿಸಿದ್ದೀಯಾ?" ಎನ್ನುತ್ತಾರೆ ಈಗ. "ಗೋಣಿ ಒಣಗಲಿಕ್ಕೆ ಬಿಡಬೇಡ."

ನಾನು ಫೋನು ಕಿವಿಗಿಟ್ಟುಕೊಂಡೇ ಗ್ಯಾಲರಿಗೆ ಹೋಗಿ ಗೋಣಿ ಎತ್ತಿ ನೋಡುತ್ತೇನೆ.